ಕಣೇಕಲ್ಲಿನ ಮರಳು, ಬಫಲೋದ ಹಿಮ

ಈ ಪತ್ರಿಕೆಯಲ್ಲಿ ನಮ್ಮ ಬಂಧುಗಳು ಬರೆಯುವ ಪ್ರವಾಸ ಲೇಖನಗಳನ್ನು ನಾವು ತಪ್ಪದೆ ಓದುತ್ತೇವೆ. ಕೆಲವರು ಶಿಖರ್ಜಿಗೆ ಹೋಗಿ ಬಂದು ಬರೆಯುತ್ತಾರೆ, ಕೆಲವರು ಗಿರನಾರಿಗೆ. ನಾವು ಅಂಗಡಿ ಬಿಟ್ಟು ದೂರ ಹೋದವರಲ್ಲ. ಮೆಟ್ರಿಕ್ ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಇನ್ನೂ ಎದ್ದಿಲ್ಲ. ಹೀಗಾಗಿ ನಾವು ಬರೆಯಬಹುದಾದ ಪ್ರವಾಸವೆಂದರೆ ನಮ್ಮ ಊರಿನಿಂದ ಮರಳುದಿಬ್ಬದವರೆಗಿನದು. ಅಷ್ಟು ಸಣ್ಣ ದಾರಿ ಸವೆಸಲು ನಮಗೆ ನಲವತ್ತು ವರ್ಷ ಹಿಡಿಯಿತು. ಅದರ ಕಥೆಯನ್ನೇ ಬರೆಯುತ್ತಿದ್ದೇವೆ.

ನಮ್ಮೂರು ಕಣೇಕಲ್ಲು. ಅನಂತಪುರ ಜಿಲ್ಲೆ, ರಾಯದುರ್ಗದ ಸೀಮೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಸೇರಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಅಂಗಡಿಯಲ್ಲಿ ಗಿರಾಕಿ ಯಾವುದು ಆಡಿದರೆ ಅದು. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರು ಬಂದ ಮೇಲೆ ಊರಿನ ಒಂದು ಮಗ್ಗುಲಿಗೆ ಭತ್ತದ ಹಸಿರು ಬಂತು. ಇನ್ನೊಂದು ಮಗ್ಗುಲಿಗೆ ಹಗರಿ, ಅದರ ಆಚೀಚೆ ಮರಳು.

ಹಗರಿ ಎಂದರೆ ವೇದಾವತಿಯೇ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿ, ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ನಿಂತು, ನಮ್ಮ ಕಡೆ ಬರುವ ಹೊತ್ತಿಗೆ ನೀರಿಗಿಂತ ಮರಳೇ ಹೆಚ್ಚು. 2022ರಲ್ಲಿ ಆ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು; ಆಗ ನಮ್ಮ ಹಗರಿಯೂ ಹರಿಯಿತು. ಆದರೆ ನೀರು ಇಳಿದ ಮೇಲೆ ಉಳಿಯುವುದು ಮತ್ತೆ ಮರಳೇ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರ್, ಅಂದರೆ 22 ಅಂಗುಲ. ಜ್ಯೇಷ್ಠ ಕಳೆದು ಆಷಾಢ ಬಂತೆಂದರೆ ಪಡುವಣ ಗಾಳಿ ಎದ್ದು ಬರುತ್ತದೆ. ಘಟ್ಟದಲ್ಲಿ ಮಳೆ ಸುರಿಸಿದ ಗಾಳಿಯೇ ಅದು. ನಮ್ಮ ಪಾಲಿಗೆ ಮಳೆ ಉಳಿದಿರುವುದಿಲ್ಲ, ಗಾಳಿ ಮಾತ್ರ ಉಳಿದಿರುತ್ತದೆ. ಒಣಗಿದ ಹೊಳೆಯ ಮರಳನ್ನು ಎತ್ತಿ ಮೂಡಲ ದಂಡೆಯ ಹೊಲಗಳ ಮೇಲೆ ಸುರಿಯುತ್ತದೆ. ಬೊಮ್ಮನಹಾಳು ಮಂಡಲದ ಗೋವಿಂದವಾಡ, ದರ್ಗಾಹೊನ್ನೂರಿನ ಕಡೆ ಹೋದರೆ ರಾಜಸ್ಥಾನದ ಚಿತ್ರದಲ್ಲಿ ಕಾಣುವಂತಹ ದಿಬ್ಬಗಳೇ ಇವೆ. ಸಿನಿಮಾದವರು ಬಂದು ಅಲ್ಲಿ ಚಿತ್ರ ತೆಗೆಯುತ್ತಾರೆ. ನೋಡುವವರಿಗೆ ಅದು ಚೆಂದ.

ನಮಗೆ ಮರಳೆಂದರೆ ಆಗದು. ಇದಕ್ಕೆ ಕಾರಣವಿದೆ.

ನಮ್ಮದು ಕಿರಾಣಿ ಮತ್ತು ಧಾನ್ಯದ ಅಂಗಡಿ. ಆಷಾಢದಲ್ಲಿ ಎಷ್ಟು ಪರದೆ ಕಟ್ಟಿದರೂ ರವೆಯ ಚೀಲದಲ್ಲಿ ಮರಳು, ಸಕ್ಕರೆಯಲ್ಲಿ ಮರಳು, ತಕ್ಕಡಿಯ ತಟ್ಟೆಯಲ್ಲಿ ಮರಳು. ನಮಗೆ ಹನ್ನೆರಡು ವರ್ಷವಿದ್ದಾಗ ಒಬ್ಬ ಹೆಣ್ಣುಮಗಳು ರವೆಯ ಪೊಟ್ಟಣ ತಂದು ನಮ್ಮ ತಂದೆಯವರ ಮುಂದೆ ಸುರಿದು, "ಶೆಟ್ಟರೇ, ತೂಕಕ್ಕೆ ಮರಳು ಬೆರೆಸುವುದನ್ನು ಯಾವಾಗ ಕಲಿತಿರಿ?" ಎಂದು ಕೇಳಿದಳು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ತಂದೆಯವರು ಗಾಳಿಯ ಮೇಲೆ ತಪ್ಪು ಹೊರಿಸಲಿಲ್ಲ. ಆ ಚೀಲದಿಂದ ರವೆ ಒಯ್ದವರನ್ನೆಲ್ಲ ಕರೆಸಿ ಹಣ ಹಿಂದಿರುಗಿಸಿದರು. ರಾತ್ರಿ ನಮಗೆ ಹೇಳಿದರು: "ಕಲಬೆರಕೆಯ ಮಾಲು ಮಾರುವುದು, ತೂಕದಲ್ಲಿ ಹೆಚ್ಚು ಕಡಿಮೆ ಮಾಡುವುದು ಎರಡೂ ಅಚೌರ್ಯಾಣುವ್ರತದ ಅತಿಚಾರ. ಗಾಳಿ ಬೆರೆಸಿದರೂ ಮಾರಿದವರು ನಾವೇ." ಅಂದಿನಿಂದ ಆಷಾಢದಲ್ಲಿ ಎಲ್ಲವನ್ನೂ ಎರಡು ಸಲ ಜರಡಿ ಹಿಡಿಯುವುದು ನಮ್ಮ ಅಂಗಡಿಯ ಪದ್ಧತಿ.

ಎರಡನೆಯ ಕಾರಣ ಹೊಲ. ಹಗರಿಯ ಕಡೆ ತಂದೆಯವರು ನಾಲ್ಕು ಎಕರೆ ಕೊಂಡಿದ್ದರು. ಶೇಂಗಾ ಬೆಳೆಯುತ್ತಿತ್ತು. ಬದುವಿನಲ್ಲಿ ಒಂದು ಬೇವಿನ ಮರ. ಅದರ ಕೆಳಗಿನ ಕೊಂಬೆ ನಮಗೆ ಎಂದೂ ಎಟುಕುತ್ತಿರಲಿಲ್ಲ. ತಂದೆಯವರ ಹೆಗಲೇರಿ ಹಿಡಿಯಬೇಕಿತ್ತು. ಒಂದು ವರ್ಷ ಮರಳು ಬದು ದಾಟಿತು. ಮರುವರ್ಷ ಆಳು ಹಚ್ಚಿ ಬಂಡಿಯಲ್ಲಿ ಹೊರಕ್ಕೆ ಹೇರಿಸಿದೆವು. ಅದರ ಮರುವರ್ಷ ಹೇರಿಸಿದ ಖರ್ಚು ಬೆಳೆಯ ಬೆಲೆಗಿಂತ ಹೆಚ್ಚಾಯಿತು. ತಂದೆಯವರು ಲೆಕ್ಕದ ಪುಸ್ತಕದಲ್ಲಿ ಆ ಹೊಲದ ಪುಟದ ಮೇಲೆ ಗೆರೆ ಎಳೆದರು. ಆಮೇಲೆ ಅವರೂ ಅತ್ತ ಹೋಗಲಿಲ್ಲ, ನಾವೂ ಹೋಗಲಿಲ್ಲ.

ನಮಗೆ ಮಕ್ಕಳಾದ ಮೇಲೆ ಮನೆಯಲ್ಲಿ ಒಂದೇ ನಿಯಮ: ಗಾಳಿ ಎದ್ದರೆ ಕದ ಹಾಕಬೇಕು. ಊರಿನ ಹುಡುಗರು ದಿಬ್ಬದ ಮೇಲೆ ಉರುಳಾಡಿ ಬರುತ್ತಿದ್ದರು. ನಮ್ಮ ಮಗಳು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ಕೇಳಿದಾಗಲೆಲ್ಲ ಬೇಡ ಎಂದಿದ್ದೆವು.

ಆ ಮಗಳು ಈಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿದ್ದಾಳೆ. ಅಳಿಯನ ಕೆಲಸ ಅಲ್ಲಿ. ಎಮ್ಮೆಯ ಹೆಸರಿನ ಊರು ಎಂದು ನಾವು ನಕ್ಕಿದ್ದೆವು. ಅಲ್ಲಿಯ ಚಳಿಗಾಲದ ಸಂಗತಿ ಕೇಳಿದ ಮೇಲೆ ನಗು ನಿಂತಿತು. ಊರಿನ ಪಕ್ಕದಲ್ಲೇ ಈರಿ ಎಂಬ ದೊಡ್ಡ ಸರೋವರ. ಚಳಿಗಾಲದ ಮೊದಲಲ್ಲಿ ಸರೋವರದ ನೀರು ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಹಾಯುವ ಕೊರೆಯುವ ಗಾಳಿ ತೇವವನ್ನು ಹೀರಿ, ದಂಡೆ ಸೇರಿದೊಡನೆ ಹಿಮವಾಗಿ ಸುರಿಸುತ್ತದೆ. ವರ್ಷಕ್ಕೆ ಸರಾಸರಿ 90 ಅಂಗುಲಕ್ಕೂ ಹೆಚ್ಚು. ನಮ್ಮ ಗಾಳಿ ಒಣ ಹೊಳೆಯಿಂದ ಮರಳು ಹೊತ್ತು ತರುತ್ತದೆ, ಅವರ ಗಾಳಿ ತುಂಬಿದ ಸರೋವರದಿಂದ ಹಿಮ ಹೊತ್ತು ತರುತ್ತದೆ. ಮನೆಯ ಮುಂದೆ ಗುಡ್ಡೆ ಹಾಕುವ ರೀತಿ ಎರಡರದೂ ಒಂದೇ.

ನಮ್ಮ ಮಗಳಿಗೆ ಹಿಮವೆಂದರೆ ಆಗದು. ಅವಳ ಇಬ್ಬರು ಮಕ್ಕಳಿಗೆ ಹಿಮವೆಂದರೆ ಹಬ್ಬ. ಮೊದಲ ಹಿಮ ಬಿದ್ದ ದಿನ ಹಾಸಿಗೆಯಿಂದಲೇ ಕೂಗಾಡುತ್ತಾರಂತೆ. ಎರಡು ಜೊತೆ ಕಾಲುಚೀಲ, ಉಣ್ಣೆಯ ಅಂಗಿ, ಅದರ ಮೇಲೆ ದಪ್ಪ ಕೋಟು, ಕೈಚೀಲ, ಟೋಪಿ, ಇಷ್ಟನ್ನು ತೊಡಿಸುವಷ್ಟರಲ್ಲಿ ಅರ್ಧ ಗಂಟೆ. ಹತ್ತು ನಿಮಿಷಕ್ಕೆ ಒಳಗೆ ಬಂದು ಎಲ್ಲ ಬಿಚ್ಚಿ ಹಾಕಿ, ಮತ್ತೆ ಹೊರಗೆ ಹೋಗುತ್ತೇವೆ ಎನ್ನುತ್ತಾರೆ. ಮನೆಯ ನೆಲವೆಲ್ಲ ಕರಗಿದ ನೀರು. ಅವಳು ದೂರವಾಣಿಯಲ್ಲಿ ಇದನ್ನು ಹೇಳುವಾಗ ನಮಗೆ ನಮ್ಮ ಜರಡಿಯ ನೆನಪು.

2022ರ ಡಿಸೆಂಬರ್ 23ರಂದು ಅಲ್ಲಿ ಬಂದ ಬಿರುಗಾಳಿ ಬೇರೆಯದೇ ಆಗಿತ್ತು. ಗಂಟೆಗೆ 110 ಕಿಲೋಮೀಟರ್ ಮೀರಿದ ಗಾಳಿ, ನಾಲ್ಕು ದಿನಗಳಲ್ಲಿ ನಾಲ್ಕು ಅಡಿಗೂ ಮಿಕ್ಕಿ ಹಿಮ. ಮುಂದೆ ಚಾಚಿದ ಕೈ ಕಾಣದು. ವಾಹನ ಓಡಿಸುವುದನ್ನೇ ಸರ್ಕಾರ ನಿಷೇಧಿಸಿತು. ಸಹಾಯಕ್ಕೆ ಹೋದ ವಾಹನಗಳೇ ಹೂತುಕೊಂಡವು. ಆ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಲವರು ತಮ್ಮ ಕಾರುಗಳಲ್ಲೇ, ಕೆಲವರು ಬೀದಿಯಲ್ಲಿ.

ಎರಡನೆಯ ದಿನ ಮಗಳ ಕರೆ ಬಂತು. ಅಳುತ್ತಿದ್ದಳು. ಒಂಬತ್ತು ವರ್ಷದ ಮೊಮ್ಮಗ ಹಿಮ ಎಷ್ಟು ಎತ್ತರ ಬಂದಿದೆಯೆಂದು ಅಳೆಯಲು ಅಳತೆಪಟ್ಟಿ ಹಿಡಿದು ಹಿಂಬಾಗಿಲು ತೆರೆದು ಹೊರಗೆ ಕಾಲಿಟ್ಟಿದ್ದನಂತೆ. ಎರಡು ಹೆಜ್ಜೆಗೆ ಬಾಗಿಲು ಯಾವ ಕಡೆ ಎಂದು ತಿಳಿಯದಾಯಿತು. ಅವಳು ಹೊಸ್ತಿಲಲ್ಲಿ ನಿಂತು ಕೂಗಿ ಕೂಗಿ, ಕೈಗೆ ಸಿಕ್ಕ ಕೋಟಿನ ಅಂಚು ಎಳೆದು ಒಳಕ್ಕೆ ತಂದಳು. ತಂದ ಮೇಲೆ ಹೊಡೆದಳು. ಹೊಡೆದ ಮೇಲೆ ಅತ್ತಳು.

ನಾವು ಸಮಾಧಾನ ಹೇಳಿದೆವು. ಕೊನೆಗೆ, "ನಿಮ್ಮನ್ನು ನಾವು ಬೆಳೆಸಿದ ಹಾಗೆ ಮಾಡು. ಗಾಳಿ ಎದ್ದರೆ ಕದ ಹಾಕು, ಮುಗಿಯಿತು" ಎಂದೆವು.

ಸ್ವಲ್ಪ ಹೊತ್ತು ಅವಳು ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, "ಅಪ್ಪಾ, ಇಲ್ಲಿ ಐದು ತಿಂಗಳು ಹಿಮ. ಐದು ತಿಂಗಳು ಕದ ಹಾಕಲಿಕ್ಕೆ ಆಗುವುದಿಲ್ಲ. ನೀವು ನನ್ನನ್ನು ಒಂದು ದಿನವೂ ಮರಳಿಗೆ ಬಿಡಲಿಲ್ಲ. ಅದಕ್ಕೇ ಯಾವ ಗಾಳಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದೇ ನನಗೆ ತಿಳಿಯುತ್ತಿಲ್ಲ" ಎಂದಳು. ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

2023ರ ಜುಲೈನಲ್ಲಿ ಅಲ್ಲಿಯ ಶಾಲೆಗಳಿಗೆ ಬೇಸಿಗೆಯ ರಜೆ. ಮಗಳು ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಳು. ನಮಗೆ ಆಷಾಢ. ಮೊಮ್ಮಗನ ಬಾಯಲ್ಲಿ ಬಂದ ಮೊದಲ ಮಾತು: "ಅಜ್ಜಾ, ದಿಬ್ಬ ಎಲ್ಲಿ?" ಆರು ವರ್ಷದ ಮೊಮ್ಮಗಳು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದ ಮರಳನ್ನು ಅಂಗೈಯಲ್ಲಿ ಹಿಡಿದು, "ಇದು ಕರಗುವುದಿಲ್ಲವಾ?" ಎಂದು ಕೇಳಿದಳು. ಎರಡು ದಿನ ನೆಪ ಹೇಳಿದೆವು. ಮೂರನೆಯ ದಿನ ಮಗಳು ಏನೂ ಹೇಳದೆ ನಮ್ಮ ಮುಖ ನೋಡಿದಳು. ಬೆಳಿಗ್ಗೆ ಗಾಳಿ ಕಡಿಮೆ ಇರುತ್ತದೆ, ಬೆಳಿಗ್ಗೆಯೇ ಹೋಗೋಣ ಎಂದು ಒಪ್ಪಿದೆವು. ಅಂಗಡಿಯಿಂದ ನಾಲ್ಕು ಖಾಲಿ ಗೋಣಿಚೀಲ ತೆಗೆದುಕೊಂಡೆವು.

ದಾರಿಯಲ್ಲಿ ನಮ್ಮ ಹಳೆಯ ಹೊಲದ ಬಳಿ ವಾಹನ ನಿಲ್ಲಿಸಿದೆವು. ಹೊಲವಿರಲಿಲ್ಲ. ಬೇವಿನ ಮರ ಇತ್ತು. ಬುಡ ಕಾಣದು, ಬೊಡ್ಡೆ ಕಾಣದು. ಮರಳಿನಿಂದಲೇ ಕೊಂಬೆಗಳು ಹೊರಟಂತೆ ಇತ್ತು. ತಂದೆಯವರ ಹೆಗಲೇರಿ ನಾವು ಹಿಡಿಯುತ್ತಿದ್ದ ಕೊಂಬೆಯ ಮೇಲೆ ಮೊಮ್ಮಗಳು ನೆಲದಿಂದ ನೇರವಾಗಿ ಹತ್ತಿ ಕುಳಿತು ಕಾಲು ಆಡಿಸಿದಳು. ಮರ ಇನ್ನೂ ಹಸಿರಾಗಿತ್ತು. ಅಷ್ಟು ವರ್ಷ ಸತ್ತಿರಬೇಕೆಂದೇ ನಾವು ತಿಳಿದಿದ್ದೆವು.

ದಿಬ್ಬದ ಗಾಳಿಯ ಕಡೆಯ ಮೈ ಇಳಿಜಾರು ಕಡಿಮೆ, ಮರೆಯ ಕಡೆಯದು ಕಡಿದು. ಮರಳಿನ ಕಣಗಳು ಹಾರುವುದಿಲ್ಲ, ಕುಪ್ಪಳಿಸುತ್ತ ಮೇಲೇರಿ ಮರೆಯ ಕಡೆ ಉರುಳುತ್ತವೆ, ಹೀಗೆಯೇ ದಿಬ್ಬ ಮುಂದೆ ನಡೆಯುತ್ತದೆ ಎಂದು ಮೊಮ್ಮಗ ನಮಗೆ ವಿವರಿಸಿದ. ಐವತ್ತು ವರ್ಷ ಜರಡಿ ಹಿಡಿದರೂ ನಮಗಿದು ತಿಳಿದಿರಲಿಲ್ಲ. ಅವರ ಊರಿನಲ್ಲಿ ರಸ್ತೆಯ ಬದಿಗೆ ಸಂದು ಬಿಟ್ಟು ಪಟ್ಟಿಯ ಬೇಲಿ ಹಾಕುತ್ತಾರಂತೆ. ಗಾಳಿಯ ವೇಗ ಅಲ್ಲಿ ತಗ್ಗಿ ಹಿಮವೆಲ್ಲ ಬೇಲಿಯ ಹಿಂದೆಯೇ ಬೀಳುತ್ತದೆ, ರಸ್ತೆ ಉಳಿಯುತ್ತದೆ. ಹೊಳೆಯ ದಂಡೆಗೆ ಸರ್ವೆ, ಹೊಂಗೆ, ಜಾಲಿಯ ಸಾಲು ಇರಬೇಕೆನ್ನುವುದೂ ಇದಕ್ಕೇ. ಗಾಳಿಯನ್ನು ಪೂರ್ತಿ ತಡೆಯುವ ಗೋಡೆ ಬೇಡ, ಅದನ್ನು ನಿಧಾನ ಮಾಡುವ ಬೇಲಿ ಸಾಕು.

ಗೋಣಿಚೀಲ ಮರಳಿಗೆ ಅಂಟಿಕೊಂಡು ಜಾರಲಿಲ್ಲ. ದನ ಕಾಯುವ ಹುಡುಗನೊಬ್ಬ ನಕ್ಕು ತನ್ನ ಗೊಬ್ಬರದ ಪ್ಲಾಸ್ಟಿಕ್ ಚೀಲ ಕೊಟ್ಟ. ಅದು ಜಾರಿತು. ಮಕ್ಕಳ ಕೂಗು ಹೊಳೆಯ ಆಚೆಗೂ ಕೇಳಿಸಿರಬೇಕು. ಹತ್ತು ಸಲವಾದ ಮೇಲೆ ನಮ್ಮ ಮಗಳು, ಎರಡು ಮಕ್ಕಳ ತಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಚೀಲದ ಮೇಲೆ ಕುಳಿತಳು. ನಾವು ಬೇಡ ಎನ್ನಲಿಲ್ಲ. ಅವಳು ಕೆಳಗೆ ತಲುಪಿ, ಕೂದಲ ತುಂಬ ಮರಳು ಮಾಡಿಕೊಂಡು, ಮೇಲೆ ನಮ್ಮ ಕಡೆ ನೋಡಿ ಕೈ ಬೀಸಿದಳು.

ಹನ್ನೊಂದರ ಸುಮಾರಿಗೆ ದಿಬ್ಬದ ನೆತ್ತಿ ಹೊಗೆಯಾಡತೊಡಗಿತು. ನಮ್ಮ ಎದೆ ಹೊಡೆದುಕೊಂಡಿತು. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗನೇ ತಂಗಿಯ ಕೈ ಹಿಡಿದು ಇಳಿದು ಬರುತ್ತಿದ್ದ. "ಅಜ್ಜಾ, ಮೂರನೇ ಮರ ಕಾಣುತ್ತಿಲ್ಲ. ಹೋಗೋಣ" ಎಂದ.

ನಮಗೆ ಅರ್ಥವಾಗಲಿಲ್ಲ. ಮಗಳು ಹೇಳಿದಳು. ಆ ಡಿಸೆಂಬರದ ನಂತರ ಅವಳು ಮಕ್ಕಳಿಗೆ ಒಂದು ನಿಯಮ ಕಲಿಸಿದ್ದಳು. ಮನೆಯ ಬೇಲಿಯ ಮೂರನೆಯ ಕಂಬ ಕಾಣುವವರೆಗೆ ಹಿಮದಲ್ಲಿ ಆಡಬಹುದು. ಅದು ಮಸುಕಾದರೆ ಯಾರೂ ಕೂಗದಿದ್ದರೂ ಒಳಗೆ ಬರಬೇಕು. ಕದ ಯಾವಾಗ ಹಾಕಬೇಕೆಂಬುದು ತಾಯಿಗಷ್ಟೇ ಅಲ್ಲ, ಮಕ್ಕಳಿಗೂ ತಿಳಿದಿರಬೇಕು. ಇಲ್ಲಿ ಕಂಬವಿಲ್ಲವಾದ್ದರಿಂದ ಬಂದ ಕೂಡಲೇ ಮೊಮ್ಮಗ ದೂರದ ಮೂರು ಮರ ಗುರುತು ಮಾಡಿಕೊಂಡಿದ್ದ.

ಹಿಮವೆಂದರೆ ಅವಳಿಗೆ ಈಗಲೂ ಆಗದು. ಆದರೂ ತನ್ನ ಹೆದರಿಕೆಯನ್ನು ಮಕ್ಕಳ ಮೇಲೆ ಹೊರಿಸದೆ, ಅದರಿಂದ ಒಂದು ಅಳತೆ ಮಾಡಿ ಅವರ ಕೈಗೆ ಕೊಟ್ಟಿದ್ದಳು. ನಾವು ಜೀವಮಾನವೆಲ್ಲ ತಕ್ಕಡಿ ಹಿಡಿದವರು. ಈ ಒಂದು ಅಳತೆ ನಮಗೆ ಹೊಳೆದಿರಲಿಲ್ಲ. ನಮಗಾದ ನಷ್ಟವನ್ನು ಮಗಳ ಆಟದ ಲೆಕ್ಕದಿಂದ ಕಳೆದಿದ್ದೆವು.

ಸೂರ್ಯಾಸ್ತಕ್ಕೆ ಮೊದಲು ಊಟಕ್ಕೆ ಕುಳಿತಾಗ ಎಲ್ಲರ ಕಿವಿಯಲ್ಲೂ ಮರಳು. ಚಪಾತಿಯಲ್ಲೂ ಒಂದು ಕಣ ಹಲ್ಲಿಗೆ ಸಿಕ್ಕಿತು. ಮೊಮ್ಮಗಳು, "ಅಜ್ಜನ ಅಂಗಡಿಯ ಹಿಟ್ಟು!" ಎಂದಳು. ಐವತ್ತು ವರ್ಷ ಮರೆಯದ ಮಾತು ನೆನಪಾಯಿತು. ಆದರೂ ಎಲ್ಲರ ಜೊತೆ ನಾವೂ ನಕ್ಕೆವು. ಮರುದಿನ ಹಿಟ್ಟನ್ನು ಮೂರನೆಯ ಸಲ ಜರಡಿ ಹಿಡಿಸಿದೆವು, ಅದು ಬೇರೆ ಮಾತು.

ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಈಗ ಚಳಿ ದೇಶಗಳಲ್ಲಿದ್ದಾರೆ. ಅಲ್ಲಿಂದ ಹೆದರಿದ ದನಿಯಲ್ಲಿ ಕರೆ ಬಂದಾಗ ಕದ ಹಾಕು ಎಂದು ಹೇಳುವುದು ಹಿರಿಯರಿಗೆ ಸುಲಭ. ನಮ್ಮ ಮನೆಯಲ್ಲಿ ಈಗ ಹಾಗೆ ಹೇಳುವುದಿಲ್ಲ. ಚಳಿಗಾಲದಲ್ಲಿ ಮಗಳ ಕರೆ ಬಂದರೆ ಮೊದಲು ಕೇಳುವುದು ಒಂದೇ: "ಮೂರನೇ ಕಂಬ ಕಾಣುತ್ತಿದೆಯೇನಮ್ಮ?" ಕಾಣುತ್ತಿದೆ ಎಂದರೆ, "ಹಾಗಾದರೆ ಮಕ್ಕಳನ್ನು ಬಿಡು, ಆಡಲಿ" ಎನ್ನುತ್ತೇವೆ.