ಸೆರೆಸಿಕ್ಕಿದ ರಥ

ಮೂವತ್ತನಾಲ್ಕು ವರ್ಷಕಾಲ ಬ್ರಹ್ಮಾವರದ ಕಡೆಯ ಶಾಲೆಯೊಂದರಲ್ಲಿ ಹುಡುಗರಿಗೆ ಶಬ್ದರೂಪಗಳನ್ನು ಉರುಹೊಡೆಯಿಸಿ ನಿವೃತ್ತನಾದವನು ನಾನು. ಇಂಥವನು ಕುಂದಾಪುರದಲ್ಲಿ ತನ್ನ ಮನೆಯ ಜಗಲಿಯ ಮೇಲೆ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಕ್ಕಿಕಾಳಿನಷ್ಟು ಗಾತ್ರದ ಚೂರುಗಳನ್ನು ಚಿಮಟದಿಂದ ಹಿಡಿದು ಅಂಟಿಸುತ್ತ, ಯುದ್ಧದ ಟ್ಯಾಂಕುಗಳ ಮಾದರಿಗಳನ್ನು ಕಟ್ಟುತ್ತಿರುವನೆಂದರೆ ವಾಚಕರಿಗೆ ನಗು ಬಂದೀತು. ನೆರೆಹೊರೆಯವರಿಗೆ ಈಗಾಗಲೇ ಬಂದಿದೆ. ಅರವತ್ತಕ್ಕೆ ಅರಳು ಮರಳೆಂಬ ಮಾತಿಗೆ ಉದಾಹರಣೆ ಬೇಕಾದಾಗಲೆಲ್ಲ ನನ್ನ ಮನೆಯಾಕೆಯು ಜಗಲಿಯ ಕಡೆಗೆ ಬೆರಳು ತೋರಿಸುವಳು.

ಇದಕ್ಕೆ ಮೂಲವು ನನ್ನ ಅಳಿಯನು ಮೂರು ವರ್ಷಗಳ ಹಿಂದೆ ದುಬಾಯಿಯಿಂದ ಮೊಮ್ಮಗನಿಗಾಗಿ ತಂದ ಒಂದು ಪೆಟ್ಟಿಗೆ. ಅದರೊಳಗೆ ಪ್ಯಾಟನ್ ಎಂ-47 ಎಂಬ ಅಮೇರಿಕದ ಟ್ಯಾಂಕಿನ ಬಿಡಿಭಾಗಗಳು, ಎಲ್ಲವೂ ಪ್ಲಾಸ್ಟಿಕ್ಕಿನವು, ನಿಜವಾದ ಅಳತೆಯ ಮೂವತ್ತೈದನೆಯ ಒಂದು ಪಾಲಿನಷ್ಟು. ಹುಡುಗನು ಎರಡು ದಿನ ಅಂಟಿನಲ್ಲಿ ಬೆರಳು ಮೆತ್ತಿಕೊಂಡು ಬೇಸತ್ತು ಎದ್ದುಹೋದನು. ನಾನು ಪೆಟ್ಟಿಗೆಯನ್ನು ಮುಚ್ಚಿಡಲೆಂದು ಕೈಗೆತ್ತಿಕೊಂಡಾಗ ಅದರ ಮೇಲಿನ ಚಿತ್ರವನ್ನು ಕಂಡು ಅಲ್ಲಿಯೇ ನಿಂತೆನು. ಆ ಬಂಡಿಯನ್ನು ನಾನು ಬಾಲ್ಯದಿಂದಲೂ ಬಲ್ಲೆ. ನಮ್ಮ ತೀರ್ಥರೂಪರು ಅದರ ಪಕ್ಕದಲ್ಲಿ ನಿಂತಿರುವ ಅಂಗೈಯಗಲದ ಫೋಟೋ ಒಂದು ದೇವರ ಕೋಣೆಯ ಹೊರಗೋಡೆಯಲ್ಲಿ ನೇತಾಡುತ್ತಿದ್ದಿತು.

ತೀರ್ಥರೂಪರು ಸೈನ್ಯದಲ್ಲಿ ಇ.ಎಂ.ಇ. ಎಂಬ ಯಂತ್ರದುರಸ್ತಿಯ ದಳದಲ್ಲಿದ್ದವರು. 1965ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮ್ ಕರಣ್ ಪ್ರದೇಶದಲ್ಲಿ, ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತಲಿನ ಹೊಲಗಳಲ್ಲಿ, ಪಾಕಿಸ್ತಾನದ ಮೊದಲನೆಯ ಕವಚ ವಿಭಾಗಕ್ಕೂ ನಮ್ಮ ನಾಲ್ಕನೆಯ ಪರ್ವತ ವಿಭಾಗಕ್ಕೂ ನಡೆದ ಕಾಳಗವು ಪ್ರಸಿದ್ಧವಾದದ್ದು. 1954ರ ಒಪ್ಪಂದದ ಮೇರೆಗೆ ಅಮೇರಿಕವು ಪಾಕಿಸ್ತಾನಕ್ಕೆ ಶಸ್ತ್ರಸಹಾಯವನ್ನು ಒದಗಿಸಲು ತೊಡಗಿದ್ದು, ಪ್ಯಾಟನ್ ಟ್ಯಾಂಕುಗಳು ಆ ದಾರಿಯಿಂದ ಬಂದವು. ಅವುಗಳ ಮುಂದೆ ನಮ್ಮ ಟ್ಯಾಂಕುಗಳಲ್ಲಿ ಅನೇಕವು ಹಳೆಯವು. ಆದರೆ ನಮ್ಮವರು ಕುದುರೆಲಾಳದ ಆಕಾರದಲ್ಲಿ ಕಾದು ಕುಳಿತರು. ಹೊಲಗಳಿಗೆ ನೀರು ಹಾಯಿಸಿ ಕೆಸರು ಮಾಡಿದರು. ಬೆಳೆದುನಿಂತ ಕಬ್ಬಿನ ಮರೆಯಲ್ಲಿ ಟ್ಯಾಂಕುಗಳನ್ನು ಅಡಗಿಸಿದರು. ನಲವತ್ತಕ್ಕೂ ಮಿಕ್ಕಿದ ಟನ್ನಿನ ಆ ಭಾರೀ ಬಂಡಿಗಳು ಕೆಸರಿನಲ್ಲಿ ಹೂತು ನಿಂತವು. ಜೀಪಿನ ಮೇಲಿರಿಸಿದ ಒಂದು ತೋಪಿನಿಂದ ಹಲವು ಪ್ಯಾಟನ್‌ಗಳನ್ನು ಮುರಿದ ಹವಾಲ್ದಾರ್ ಅಬ್ದುಲ್ ಹಮೀದರು ಸೆಪ್ಟೆಂಬರ್ 10ರಂದು ಅಲ್ಲಿಯೇ ಮಡಿದರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರವು ಸಂದಿತು. ಮುರಿದವೂ ಹಿಡಿದವೂ ಸೇರಿ ಪಾಕಿಸ್ತಾನವು ಕಳೆದುಕೊಂಡ ಟ್ಯಾಂಕುಗಳು 97 ಎಂಬುದು ನಮ್ಮ ಕಡೆಯ ಲೆಕ್ಕ. ಕೈವಶವಾದವುಗಳನ್ನು ಭಿಖೀವಿಂಡಿನ ಬಳಿ ಸಾಲಾಗಿ ನಿಲ್ಲಿಸಿದಾಗ ಆ ಜಾಗಕ್ಕೆ ಪ್ಯಾಟನ್ ನಗರವೆಂಬ ಹೆಸರೇ ಆಯಿತು.

ಹೂತ ಟ್ಯಾಂಕುಗಳನ್ನು ಎಳೆದು ತೆಗೆಯುವುದು ತೀರ್ಥರೂಪರ ದಳದ ಕೆಲಸ. ಅವರು ಇದನ್ನು ಕುರಿತು ನನಗೆ ಹೇಳಿದ್ದೆಲ್ಲವನ್ನೂ ಬರೆದರೆ ಒಂದು ಪೋಸ್ಟ್ ಕಾರ್ಡು ತುಂಬದು.

ಆದುದರಿಂದ ಪೆಟ್ಟಿಗೆಯ ಬಂಡಿಯನ್ನು ಫೋಟೋದ ಬಂಡಿಯನ್ನಾಗಿ ಮಾಡಬೇಕೆಂದು ಹಟ ಹಿಡಿದೆನು. ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ತಾಳ್ಮೆಯೊಂದಿದ್ದರೆ ಸಾಕು, ಅದನ್ನು ಉಪಾಧ್ಯಾಯ ವೃತ್ತಿಯೇ ಕಲಿಸಿರುತ್ತದೆ. ತೋಪಿನ ತುದಿಯವರೆಗೆ ಅಳೆದರೆ ಗೇಣಿಗಿಂತ ಕೊಂಚ ಹೆಚ್ಚು ಉದ್ದ. ಒಂದೊಂದು ಮಗ್ಗುಲಿಗೆ ಆರು ದೊಡ್ಡ ಗಾಲಿ, ಮೇಲ್ಗಡೆ ಮೂರು ಸಣ್ಣ ಗಾಲಿ. ಅಹಮದ್‌ನಗರದಲ್ಲಿ (ಈಗ ಅಹಿಲ್ಯಾನಗರ) 1994ರಲ್ಲಿ ಸ್ಥಾಪಿತವಾದ ಟ್ಯಾಂಕುಗಳ ಸಂಗ್ರಹಾಲಯಕ್ಕೆ ಹೋಗಿ, ಸೆರೆಸಿಕ್ಕಿದ ಪ್ಯಾಟನ್ನನ್ನು ಕಣ್ಣಾರೆ ಕಂಡು ಬಂದೆನು. ಎರಕದ ಉಕ್ಕು ನಯವಾಗಿರುವುದಿಲ್ಲವೆಂದೂ, ಕಿತ್ತಳೆಯ ಸಿಪ್ಪೆಯಂತೆ ಒರಟಾಗಿರುವುದೆಂದೂ ಅಲ್ಲಿ ತಿಳಿಯಿತು. ಮನೆಗೆ ಬಂದು ಮಾದರಿಯ ಗೋಪುರಕ್ಕೆ ತೆಳುವಾಗಿ ಪುಟ್ಟಿ ಬಳಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕುಟ್ಟಿ ಆ ಒರಟುತನವನ್ನು ತಂದೆನು.

ಬಣ್ಣದ ಕೆಲಸವೇ ನಿಜವಾದ ಪರೀಕ್ಷೆ. ಮೊದಲು ಹಸಿರು, ಅದು ಒಣಗಿದ ಮೇಲೆ ಸಂದುಗಳಿಗೆ ನೀರಾಗಿಸಿದ ಕಪ್ಪುಗಂದು, ಆಮೇಲೆ ಬಣ್ಣವನ್ನು ಬಟ್ಟೆಗೆ ಒರೆಸಿ ಒಣಗಿಸಿದ ಕುಂಚದಿಂದ ಅಂಚುಗಳನ್ನು ಸವರಿ ಸವೆದಂತೆ ಕಾಣಿಸುವುದು, ಕಟ್ಟಕಡೆಗೆ ಧೂಳು. ಧೂಳಿಗೆಂದು ನಾನು ನಮ್ಮ ಹಿತ್ತಿಲಿನ ಮುರಕಲ್ಲಿನ ಪುಡಿಯನ್ನು ಸೋಸಿ ಎರಚಿದೆನು. ನೋಡಿದರೆ ಪ್ಯಾಟನ್ ಟ್ಯಾಂಕು ಹೆಮ್ಮಾಡಿಯ ತಿರುವಿನಲ್ಲಿ ಹೂತಂತೆ ಕಾಣುತ್ತಿದೆ! ಪಂಜಾಬಿನ ಮಣ್ಣು ಕೆಂಪಲ್ಲವೆಂಬುದು ಸಂಸ್ಕೃತ ಪಂಡಿತನಿಗೆ ಹೊಳೆಯಲು ಒಂದು ವಾರ ಹಿಡಿಯಿತು. ಎಲ್ಲವನ್ನೂ ತೊಳೆದು, ಬಾರಕೂರಿನ ಹೊಳೆಯಂಚಿನ ಗದ್ದೆಯಿಂದ ಬೂದುಬಣ್ಣದ ಜೇಡಿಯನ್ನು ತಂದು ಒಣಗಿಸಿ ಪುಡಿಮಾಡಿ, ಮತ್ತೆ ಮೊದಲಿನಿಂದ ಆರಂಭಿಸಿದೆನು.

ಮೊಮ್ಮಗನು ಒಂದು ದಿನ ಬಂದು, "ಅಜ್ಜಯ್ಯಾ, ಇದ್ ನಮ್ದಾ, ಅವ್ರ್ದಾ?" ಎಂದು ಕೇಳಿದನು. ನಾನು ತಡವರಿಸಿದೆನು. ಫೋಟೋದಲ್ಲಿ ಗೋಪುರದ ಮೇಲೆ ನಮ್ಮವರು ಸೀಮೆಸುಣ್ಣದಿಂದ ಏನೋ ಬರೆದಿದ್ದಾರೆ. ಅದರಡಿಯಲ್ಲಿ ಅವರ ಗುರುತು ಅರೆಬರೆಯಾಗಿ ಕಾಣುತ್ತದೆ. ಯಾವುದನ್ನು ಎಷ್ಟು ಸ್ಪಷ್ಟವಾಗಿ ಬರೆಯಬೇಕು? ಮನುವಿನ ಏಳನೆಯ ಅಧ್ಯಾಯವನ್ನು ಕೇಳಿದರೆ ತೀರ್ಮಾನವು ಸುಲಭ. ರಥವಾಗಲಿ ಕುದುರೆಯಾಗಲಿ ಆನೆಯಾಗಲಿ ಗೆದ್ದವನದು. ಹುಡುಗನಿಗೆ ನಾನು ಹೇಳಿದ್ದಾದರೋ ವಿರಾಟಪರ್ವದ ಕಥೆ. ಗೋಗ್ರಹಣದ ಯುದ್ಧಕ್ಕೆ ಹೊರಟ ಬೃಹನ್ನಳೆಯನ್ನು ಉತ್ತರೆಯು ಬೇಡಿದ್ದೇನು? ತನ್ನ ಬೊಂಬೆಗಳಿಗೆ ಕೌರವವೀರರ ಬಣ್ಣದ ವಸ್ತ್ರಗಳನ್ನು. ಅರ್ಜುನನು ಎಲ್ಲರನ್ನೂ ಮೂರ್ಛೆಗೊಳಿಸಿ, ದ್ರೋಣ ಕೃಪರ ಬಿಳಿಯದನ್ನು, ಕರ್ಣನ ಹಳದಿಯದನ್ನು, ಅಶ್ವತ್ಥಾಮ ದುರ್ಯೋಧನರ ನೀಲಿಯದನ್ನು ಉತ್ತರಕುಮಾರನಿಂದ ತೆಗೆಯಿಸಿದನು. "ಹಾಗಾರೆ ಇದೂ ಗೊಂಬೆಯೇ" ಎಂದು ಹುಡುಗನು ಓಡಿದನು. ಉಪ್ಪಿನಕುದ್ರಿನ ಸೂತ್ರದ ಗೊಂಬೆಯಾಟವನ್ನು ಅವನು ನೋಡಿದ್ದಾನೆ. ಗೊಂಬೆಯೆಂದರೆ ಅವನಿಗೆ ಸಣ್ಣ ಮಾತಲ್ಲ.

ಗುರುತಿನ ವಿಷಯವನ್ನು ಮುಂದಕ್ಕೆ ಹಾಕಿದೆನು. ಅಷ್ಟರಲ್ಲಿ ಬೈಂದೂರು ಕಡೆಯ ಶಿರೂರಿನಿಂದ, ಉರ್ದು ಉಪಾಧ್ಯಾಯರಾಗಿದ್ದ ನನ್ನ ಹಳೆಯ ಸಹೋದ್ಯೋಗಿಗಳು ಬಂದರು. ಟ್ಯಾಂಕನ್ನು ಮೆಚ್ಚಿಕೊಂಡು, ಪಕ್ಕದಲ್ಲಿ ನಾನು ಟರ್ಪೆಂಟೈನ್ ತುಂಬಿಸಿ ಕುಂಚಗಳನ್ನು ಅದ್ದಿಟ್ಟಿದ್ದ ಅಲ್ಯುಮಿನಿಯಮ್ ಲೋಟವನ್ನು ಸುಮ್ಮನೆ ಎತ್ತಿ ಅದರ ತಳವನ್ನು ನೋಡಿದರು. "ಮಾಸ್ಟ್ರೇ, ಇದೆಲ್ಲಿಂದ ಬಂತು ನಿಮಗೆ?" ಎಂದರು.

ಅದು ಅಟ್ಟದಲ್ಲಿ ಸಿಕ್ಕಿದ ತೀರ್ಥರೂಪರ ಲೋಟ. ಮನೆಯಲ್ಲಿ ಅದಕ್ಕೆ ಪಂಜಾಬಿನ ಲೋಟವೆಂದೇ ಹೆಸರು. ಅಲ್ಲಿಯ ಸಂತೆಯಲ್ಲಿ ಕೊಂಡದ್ದಿರಬೇಕೆಂದು ನಾವು ತಿಳಿದಿದ್ದೆವು. ತಳದಲ್ಲಿದ್ದವು ಗೀರುಗಳೆಂದು ನಾನು ಎಣಿಸಿದ್ದೆನು. ಅವು ಮೊಳೆಯಿಂದ ಚುಚ್ಚಿ ಬರೆದ ಉರ್ದು ಅಕ್ಷರಗಳು. ಅವರು ಬೆಳಕಿಗೆ ಹಿಡಿದು ಓದಿದರು: ಒಬ್ಬ ಮನುಷ್ಯನ ಹೆಸರು, ಅದರ ಕೆಳಗೆ ರಿಸಾಲೆ, ಎಂದರೆ ಅಶ್ವದಳ, ಎಂಬ ಶಬ್ದ. ಆ ಹೆಸರನ್ನು ನಾನು ಇಲ್ಲಿ ಬರೆಯಲಾರೆ. ಆತನ ಮನೆಯವರು ಎಲ್ಲಿಯಾದರೂ ಇದ್ದಾರು.

ಆಗ ನನಗೆ ನೆನಪಾಯಿತು. ಏಳೆಂಟು ವಯಸ್ಸಿನಲ್ಲಿ ನಾನು ಆ ಲೋಟದಲ್ಲಿ ನೀರು ಕುಡಿಯಹೋದಾಗ ಅಪ್ಪಯ್ಯನು ಮೆಲ್ಲನೆ ಅದನ್ನು ನನ್ನ ಕೈಯಿಂದ ತೆಗೆದು, "ಬೇಡ ಮಗಾ, ಅದು ನಮ್ಮದಲ್ಲ" ಎಂದಿದ್ದನು. ಸರಕಾರದ್ದೆಂದು ಹೇಳುತ್ತಿರುವನೆಂದೇ ನಾನು ತಿಳಿದೆನು. ಅಪ್ಪಯ್ಯನು ಮನುವನ್ನು ಓದಿದವನಲ್ಲ. ಆ ಬಂಡಿಯಲ್ಲಿ ಐದು ಜನ ಕುಳಿತುಕೊಳ್ಳುವರು. ಆ ಐವರಲ್ಲಿ ಈತನು ಯಾವನು, ಬದುಕಿದನೋ ಇಲ್ಲವೋ, ಲೋಟವನ್ನು ಕೈಗೆತ್ತಿಕೊಂಡಾಗ ಅಪ್ಪಯ್ಯನು ಕಂಡದ್ದೇನು, ಕೇಳೋಣವೆಂದರೆ ಅವನು 2011ರಲ್ಲಿಯೇ ತೀರಿಕೊಂಡನು. ನಾನಾದರೋ ಮೂರು ವರ್ಷ ಅದರಲ್ಲಿ ಕುಂಚ ತೊಳೆದೆನು.

ಸಹೋದ್ಯೋಗಿಗಳು ಹೋದ ಮೇಲೆ ಹುಣಿಸೆಹಣ್ಣು, ಬೂದಿ, ಸಾಬೂನು ಎಲ್ಲವನ್ನೂ ಹಾಕಿ ತಿಕ್ಕಿದೆನು. ವಾಸನೆ ಹೋಯಿತು. ಒಳಗೆ, ಅರ್ಧ ಎತ್ತರದಲ್ಲಿ, ಹಸಿರು ಬಣ್ಣದ ಒಂದು ಉಂಗುರವು ಕುಳಿತಿದೆ, ಅದು ಬಿಡಲಿಲ್ಲ.

ಗೋಪುರದ ಮೇಲೆ ಎರಡೂ ಗುರುತುಗಳನ್ನು ಫೋಟೋದಲ್ಲಿರುವಂತೆಯೇ ಬರೆದೆನು, ಮೇಲೆ ಸೀಮೆಸುಣ್ಣದ್ದು, ಕೆಳಗೆ ಅವರದ್ದು. ಕಳೆದ ವಾರ ತಗಡಿನ ತೆಳುವಾದ ಚೂರನ್ನು ಸೂಜಿಗೆ ಸುತ್ತಿ ಉದ್ದಿನಕಾಳಿನಷ್ಟು ಒಂದು ಲೋಟವನ್ನು ಮಾಡಿ, ಹಿಂಬದಿಯ ಯಂತ್ರದ ಮುಚ್ಚಳದ ಮೇಲೆ ಅಂಟಿಸಿದೆನು. ಅದಕ್ಕೆ ಬಣ್ಣ ಹಚ್ಚಲಿಲ್ಲ. ಮೊಮ್ಮಗನು ಭೂತಗನ್ನಡಿಯಿಂದ ನೋಡಿ, ಅದರ ಕಿವಿ ಸ್ವಲ್ಪ ಸೊಟ್ಟಗಾಗಿದೆಯೆಂದು ಹೇಳಿದನು.