ಗೊಬ್ಬರ ಆರಿಸುವ ಸುಖ

ಗೋಕಾಕ ಸೀಮೆಯಲ್ಲಿ ಹಿಂಗಾರಿ ಸುಗ್ಗಿ ಮುಗಿದು ಹೊಲಗಳು ಬೋಳಾದವೆಂದರೆ ಕುರಿ ಹಿಂಡುಗಳಿಗೆ ಕರೆ ಬರುತ್ತದೆ. ರಾತ್ರಿ ಹೊಲದಲ್ಲಿ ಹಿಂಡು ತರುಬಿದ್ದಕ್ಕೆ ರೈತರು ಕುರಿಗಾರರಿಗೆ ಕಾಳನ್ನೋ ರೊಕ್ಕವನ್ನೋ ಕೊಡುತ್ತಾರೆ. ಬೆಳಗಾಗುವಷ್ಟರಲ್ಲಿ ನೆಲಕ್ಕೆ ಹಿಕ್ಕಿಯೂ ಬಿದ್ದಿರುತ್ತದೆ, ಉಚ್ಚೆಯೂ ಇಂಗಿರುತ್ತದೆ. ತಿಪ್ಪೆಗೆ ಸೇರದೆ ಕೊಟ್ಟಿಗೆಯಲ್ಲೇ ಹರಿದುಹೋಗುವ ಉಚ್ಚೆಯ ಸಾರಜನಕ ಇಲ್ಲಿ ನೇರ ಮಣ್ಣಿನ ಪಾಲು. ನನ್ನ ಹಿತ್ತಲಿನಲ್ಲಿ ಹಿಂಡು ನಿಲ್ಲುವಷ್ಟು ಜಾಗವಿಲ್ಲ. ಅದಕ್ಕೆಂದೇ ದಡ್ಡಿಗೆ ಹೋಗಿ ಚೀಲ ತುಂಬಿಸಿ ತರುತ್ತೇನೆ.

ಗೊಬ್ಬರ ಆರಿಸುವ ಮುಂಚೆ ನೆಲ ನೋಡಬೇಕು. ಘಟಪ್ರಭೆಯ ದಂಡೆಯ ಎರೆಮಣ್ಣು ಮಳೆಗೆ ಅಂಟುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಕ್ಕೆ ಬೇಕಾದದ್ದು ಆಕಳು, ಎಮ್ಮೆಗಳ ಕಳಿತ ಕೊಟ್ಟಿಗೆ ಗೊಬ್ಬರ. ಅದರಲ್ಲಿ ಸಾರಜನಕ ಶೇ. 0.5ರ ಆಸುಪಾಸು ಮಾತ್ರ, ಆದರೆ ಗಟ್ಟಿ ಮಣ್ಣನ್ನು ಬಿಡಿಸಿ ಬೇರಿಗೆ ಗಾಳಿಯಾಡಿಸುವ ಗುಣ ದೊಡ್ಡದು. ನೀರು ನಿಲ್ಲದ ಮಸಾರಿ ನೆಲಕ್ಕೂ ಅದೇ ಆಸರೆ, ಜೊತೆಗೆ ಒಂದಿಷ್ಟು ಹಿಕ್ಕಿ. ಹಿಕ್ಕಿಯಲ್ಲಿ ಸಾರಜನಕ ಶೇ. 3ರ ಹತ್ತಿರ ಇರುತ್ತದೆ. ಕೋಳಿ ಗೊಬ್ಬರವೂ ಅಷ್ಟೇ ಬಲದ್ದು, ಆದರೆ ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಕಾಲುವೆ ನೀರಿಗೆ ಸವಳಾದ ನೆಲದಲ್ಲಿ ಅದನ್ನು ನಾನು ಮುಟ್ಟುವುದಿಲ್ಲ, ಅದರ ಉಪ್ಪು ಅಲ್ಲಿಯ ಉಪ್ಪಿಗೆ ಕೂಡುತ್ತದೆ.

ತಿಪ್ಪೆ ಪರೀಕ್ಷಿಸುವ ಗಳಿಗೆಯೇ ನನಗೆ ಅತಿ ಪ್ರಿಯ. ಮೇಲಿನ ಒಣ ಕಣಿಕೆ ಸರಿಸಿ ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತೇನೆ. ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಕಿದರೆ ಉದುರಬೇಕು. ಸಗಣಿ ನಾತ ಹೋಗಿ ಮಣ್ಣಿನ ವಾಸನೆ ಬಂದಿರಬೇಕು. ಆಕ್ಟಿನೋಮೈಸಿಟ್ಸ್ ಎಂಬ ಸೂಕ್ಷ್ಮಜೀವಿಗಳು ತಮ್ಮ ಕೆಲಸ ಮುಗಿಸಿದ ಗುರುತು ಅದು.

ಹಿಕ್ಕಿಗೆ ಬೇರೆಯೇ ಪರೀಕ್ಷೆ. ಬೇಸಿಗೆಯಲ್ಲಿ ಕುರಿಗಳು ಜಾಲಿಕಾಯಿ ತಿಂದಿರುತ್ತವೆ, ಬೀಜ ಕರಗದೆ ಹಿಕ್ಕಿಯಲ್ಲೇ ಹೊರಬರುತ್ತದೆ. ಅದಕ್ಕೆ ಹಿಕ್ಕಿಯನ್ನು ನೀರು ಚಿಮುಕಿಸಿ ಗುಡ್ಡೆ ಹಾಕಿ ಮುಚ್ಚುತ್ತೇನೆ. ಒಳಗಿನ ಕಾವು 55 ಡಿಗ್ರಿ ದಾಟಿದರೆ ಕಳೆಬೀಜಗಳು ಬಹುಪಾಲು ಸಾಯುತ್ತವೆ. ತಿರುವಿ ಹಾಕುವಾಗ ಏಳುವ ಹಬೆಯನ್ನು ನೋಡುತ್ತ ನಿಲ್ಲುವುದೇ ಒಂದು ಸಂತೋಷ. ಕಾವಿಗೂ ಬಗ್ಗದ ಜಾಲಿಬೀಜ ಮೊಳೆತರೆ ಎಳೆಯದಿದ್ದಾಗಲೇ ಕಿತ್ತರಾಯಿತು.

"ಸಾವ್ಕಾರ್ರ, ಹಿಕ್ಕಿ ಬಿದ್ದ ನೆಲಾ ಒಂದ ವರ್ಷಕ್ಕ ಮರಿಯಂಗಿಲ್ರಿ" ಎಂದು ಕುರಿಗಾರರೊಬ್ಬರು ಹೇಳಿದ್ದರು. ಮಾತು ನಿಜ. ಹಿಕ್ಕಿ ನಿಧಾನವಾಗಿ ಕರಗುತ್ತ ಮುಂದಿನ ಬೆಳೆಗೂ ಸಾರ ಉಳಿಸುತ್ತದೆ. ಆದರೂ ನಮ್ಮ ಬಿಸಿಲಿಗೆ ಮಣ್ಣಿನ ಸಾವಯವ ಅಂಶ ಬೇಗ ಸವೆಯುವುದರಿಂದ ವರ್ಷವರ್ಷವೂ ಉಣಿಸಲೇಬೇಕು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದವು, ತಿಪ್ಪೆಗಳೂ ಸಣ್ಣವಾದವು. ಕುರಿಗಳು ಮಾತ್ರ ಈ ಸೀಮೆಯಲ್ಲಿ ಇನ್ನೂ ಓಡಾಡುತ್ತಿವೆ. ಹಿತ್ತಲಿದ್ದವರು ಯೂರಿಯಾ ಚೀಲ ಹೊರುವ ಮುಂಚೆ ಹತ್ತಿರದ ಕುರಿಗಾರರ ಪರಿಚಯ ಮಾಡಿಕೊಳ್ಳಿ. ಅವರ ದುಡಿಮೆಗೆ ಬೆಲೆ ಸಿಗುತ್ತದೆ, ನಿಮ್ಮ ಬದನೆ ಮೆಣಸಿನ ಬುಡಕ್ಕೆ ಬಲ ಸಿಗುತ್ತದೆ.