ದಾಖಲೆಯಲ್ಲಿ ಇಲ್ಲದ ಕೈ

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕನ ಮೊಮ್ಮಗಳು ರಜೆಗೆಂದು ನಮ್ಮ ಮನೆಗೆ ಬಂದಿದ್ದಳು. ಇಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ಬಟ್ಟೆಯ ಚೀಲಕ್ಕಿಂತ ದೊಡ್ಡದಾದ ರಟ್ಟಿನ ಪೆಟ್ಟಿಗೆಯೊಂದನ್ನು ಜತನದಿಂದ ಹೊತ್ತು ತಂದಿದ್ದಳು. ತೆರೆದು ನೋಡಿದರೆ ಒಳಗೆ ಒಂದು ಕೈ! ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದ, ಬೆರಳಿನಿಂದ ಮೊಣಕೈಯವರೆಗಿನ ಬಲಗೈ, ಬಿಡಿಬಿಡಿ ಭಾಗಗಳಲ್ಲಿ.

ಅದರ ಹೆಸರು ಇನ್‌ಮೂವ್. ಫ್ರಾನ್ಸಿನ ಶಿಲ್ಪಿ ಗೇಲ್ ಲಾಂಜೆವಾಂ ಎಂಬವರು 2012ರಲ್ಲಿ ಇಂಥದೊಂದು ಕೈಯಿಂದ ಆರಂಭಿಸಿ, ಕ್ರಮೇಣ ಮನುಷ್ಯಗಾತ್ರದ ಯಂತ್ರಮಾನವನನ್ನೇ ರೂಪಿಸಿ, ಅದರ ಭಾಗಗಳ ನಕ್ಷೆಗಳನ್ನು ಲೋಕಕ್ಕೆ ತೆರೆದಿಟ್ಟಿದ್ದಾರೆ. ಮಾಡಿದವರ ಹೆಸರನ್ನು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು ಎಂಬುದು ಷರತ್ತು. ನಮ್ಮ ಹುಡುಗಿಯೂ ಅವಳ ಗೆಳೆಯರೂ ಈ ಕೈಯಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿ, ಅವುಗಳನ್ನೂ ಹಾಗೆಯೇ ತೆರೆದಿಡಲು ಹೊರಟಿದ್ದರು. ಯಾರು ಏನು ಮಾಡಿದರು ಎಂಬುದನ್ನು ಬರೆದಿಡುವ ಕೆಲಸ ಇವಳ ಪಾಲಿಗೆ ಬಂದಿತ್ತು.

"ತಾತ, ಜೋಡಿಸೋ ಕ್ರಮಾನ ಕನ್ನಡದಲ್ಲಿ ಬರ್ಕೊಡ್ತೀರಾ?" ಎಂದಳು. ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ಬೇರೇನು ಬೇಕು? ಒಪ್ಪಿದೆ. ಆದರೆ ನಾನು ಮಾಡಿ ನೋಡದೆ ಬರೆಯುವವನಲ್ಲ. ಅವಳ ಟಿಪ್ಪಣಿಯಂತೆಯೇ ಜೋಡಿಸುತ್ತಾ ಹೋದಾಗ ಒಂದು ಕಡೆ ಸಿಕ್ಕಿಕೊಂಡೆ. ಅಂಗೈಯನ್ನು ಅಂಟಿಸಿದ ಮೇಲೆ ದಾರ ಪೋಣಿಸಬೇಕೆಂದು ಬರೆದಿತ್ತು. ಅಂಟಿಸಿದ ಮೇಲೆ ದಾರ ಒಳಗೆ ನುಗ್ಗುತ್ತಿರಲಿಲ್ಲ. ಹೇಳಿದೆ, ಅವಳು ಕ್ರಮವನ್ನು ತಿದ್ದಿದಳು.

ಮರುದಿನ ಕಂಪ್ಯೂಟರಿನಲ್ಲಿ ನೋಡುತ್ತೇನೆ, ಸಹಾಯಕರ ಪಟ್ಟಿಯಲ್ಲಿ ನನ್ನ ಹೆಸರು! ಎದುರಿಗೆ "ಜೋಡಣೆಯ ಕ್ರಮದಲ್ಲಿ ದೋಷ ಕಂಡುಹಿಡಿದವರು, ಕನ್ನಡ ಬರಹ" ಎಂದಿತ್ತು. ನನ್ನ ಮೇಲೆ ಒಬ್ಬ ಹುಡುಗನ ಹೆಸರು: "ಗೆಣ್ಣಿನ ರಂಧ್ರದ ಅಳತೆ, ಮೂರು ಬಾರಿ ಮುದ್ರಿಸಿ ವಿಫಲನಾದ ವಿವರ ಸಹಿತ." ವಿಫಲವಾದುದನ್ನೂ ಬರೆದಿದ್ದರು.

"ಇಷ್ಟಕ್ಕೆಲ್ಲ ಹೆಸರೇಕಮ್ಮ?" ಎಂದು ಕೇಳಿದೆ.

"ನಕ್ಷೆ ಬದಲಾಯ್ಸಿದ್ರೆ ಅದು ತಾನಾಗೇ ದಾಖಲಾಗತ್ತೆ ತಾತ. ಆದ್ರೆ ತಪ್ಪು ತೋರ್ಸಿದೋರು, ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿದೋರು ಅದ್ರಲ್ಲಿ ಕಾಣಲ್ಲ. ನಾವೇ ಬರೀಬೇಕು. ಇಲ್ದಿದ್ರೆ ನಾಳೆ ಯಾಕೆ ಹೀಗೆ ಮಾಡಿದ್ರಿ ಅಂತ ಯಾರನ್ನ ಕೇಳೋದು?"

ಅವಳು ಇನ್ನೊಂದು ಸಂಗತಿಯನ್ನೂ ಹೇಳಿದಳು. ಈ ಕೈಯ ಮೋಟಾರುಗಳಿಗೆ ಅಪ್ಪಣೆ ಕೊಡುವ ಸಣ್ಣ ಫಲಕದ ಹೆಸರು ಆರ್ಡುಯಿನೊ. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ಹುಟ್ಟಿದ ಅದು ಇಂದು ಶಾಲಾಮಕ್ಕಳ ಕೈಗೂ ಬಂದಿದೆ. ಅದಕ್ಕೂ ಮುನ್ನ, ಅಲ್ಲಿಯೇ ಓದುತ್ತಿದ್ದ ಕೊಲಂಬಿಯಾ ದೇಶದ ಎರ್ನಾಂಡೊ ಬರ್ರಗಾನ್ ತಮ್ಮ ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ 2003ರಲ್ಲಿ ವೈರಿಂಗ್ ಎಂಬ ವ್ಯವಸ್ಥೆಯನ್ನು ರೂಪಿಸಿದ್ದರು. ಆರ್ಡುಯಿನೊ ಅದರಿಂದ ಕವಲೊಡೆದದ್ದು. ಆರ್ಡುಯಿನೊ ಜಗತ್ಪ್ರಸಿದ್ಧವಾಯಿತು, ವೈರಿಂಗ್ ಹೆಸರನ್ನು ಕೇಳಿದವರು ಕಡಿಮೆ. 2016ರಲ್ಲಿ ಬರ್ರಗಾನ್ ತಾವೇ ಕುಳಿತು ಆ ಇತಿಹಾಸವನ್ನು ವಿವರವಾಗಿ ಬರೆಯಬೇಕಾಯಿತು.

ಅವಳು ಹೇಳುತ್ತಿದ್ದಂತೆ ನನ್ನ ದೃಷ್ಟಿ ಆ ಪ್ಲಾಸ್ಟಿಕ್ ಬೆರಳಿನ ಹಿಂಬದಿಗೆ ಹೋಯಿತು. ದಾರಕ್ಕೆ ಎಳೆಯುವ ಶಕ್ತಿಯುಂಟು, ತಳ್ಳುವ ಶಕ್ತಿಯಿಲ್ಲ. ಆದ್ದರಿಂದ ಒಂದೊಂದು ಬೆರಳಿಗೂ ಮುಂದೊಂದು ಹಿಂದೊಂದು ಎಂದು ಎರಡೆಳೆ. ಮುಂಗೈಯೊಳಗಿನ ಮೋಟಾರಿನ ಚಕ್ರ ಒಂದನ್ನು ಎಳೆದಾಗ ಇನ್ನೊಂದು ಸಡಿಲವಾಗುತ್ತದೆ. ನಮ್ಮ ದೇಹದಲ್ಲಿಯೂ ಬೆರಳನ್ನು ಮಡಿಸುವ ಸ್ನಾಯು ಬೇರೆ, ಬಿಡಿಸುವ ಸ್ನಾಯು ಬೇರೆ. ಹಿಂಬದಿಯ ಆ ಎಳೆಯನ್ನು ಕಂಡೊಡನೆ ನನಗೆ ಆಚಾರ್ರು ನೆನಪಾದರು.

1988ರ ವಿಜ್ಞಾನ ವಸ್ತುಪ್ರದರ್ಶನ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ಶಾಲೆಯ ಮರದ ಕೈಗೆ ಜಿಲ್ಲಾ ಮಟ್ಟದಲ್ಲಿ ಪ್ರಥಮ ಬಹುಮಾನ ಬಂದಿತ್ತು. ನಕ್ಷೆ ಬರೆದವನು ನಾನು. ನನ್ನ ನಕ್ಷೆಯಲ್ಲಿ ಇದ್ದದ್ದು ಮುಂಬದಿಯ ದಾರ ಮಾತ್ರ. ಕೈ ಸಿದ್ಧವಾಯಿತು, ದಾರ ಎಳೆದೆವು, ಬೆರಳುಗಳು ಮುಷ್ಟಿ ಕಟ್ಟಿದವು, ಮತ್ತೆ ಬಿಚ್ಚಲಿಲ್ಲ. ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಶಾಲೆಯ ಬೆಂಚುಗಳನ್ನು ರಿಪೇರಿ ಮಾಡುತ್ತಿದ್ದ, ಆ ಕೈಯನ್ನು ಕೆತ್ತಿಕೊಟ್ಟಿದ್ದ ಆಚಾರ್ರು ಅದನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿ, "ಎಳಿಯಾಕೆ ಇಟ್ರಿ, ಬಿಡಾಕೆ ಇಡ್ಲಿಲ್ವಲ್ಲ ಸಾ" ಎಂದರು. ಹಳೆಯ ಸೈಕಲ್ ಟ್ಯೂಬನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಬೆರಳಿನ ಹಿಂಬದಿಗೂ ಮೊಳೆ ಹೊಡೆದು ಕೂರಿಸಿದರು. ದಾರ ಬಿಟ್ಟೊಡನೆ ಬೆರಳು ತಾನಾಗಿ ತೆರೆದುಕೊಂಡಿತು.

ಬಹುಮಾನಪತ್ರದಲ್ಲಿ ಇಬ್ಬರು ವಿದ್ಯಾರ್ಥಿಗಳ ಹೆಸರಿತ್ತು. ಮಾರ್ಗದರ್ಶಕ ಶಿಕ್ಷಕನೆಂದು ನನ್ನ ಹೆಸರಿತ್ತು. ತೀರ್ಪುಗಾರರು ಆ ರಬ್ಬರ್ ಪಟ್ಟಿಯನ್ನೇ ಮುಟ್ಟಿ, "ಈ ಉಪಾಯ ಚೆನ್ನಾಗಿದೆ" ಎಂದಾಗ ನಾನು ಕೈಮುಗಿದು "ಧನ್ಯವಾದ" ಎಂದೆ. ಸುಳ್ಳು ಹೇಳಲಿಲ್ಲ ನಿಜ, ಆದರೆ ಹೇಳಬೇಕಾದ್ದನ್ನು ಹೇಳಲೂ ಇಲ್ಲ.

ಅಂದು ರಾತ್ರಿ ಹಳೆಯ ದಿನಚರಿಯನ್ನು ಹುಡುಕಿ ತೆಗೆದೆ. ಆ ವಾರದ ಪುಟದಲ್ಲಿ ಬಣ್ಣ, ದಾರ, ಬಸ್ ಚಾರ್ಜು ಎಲ್ಲದರ ಲೆಕ್ಕವೂ ಇದೆ. ನಡುವೆ ಒಂದು ಸಾಲು: "ಬಡಗಿಗೆ ಕೂಲಿ – 30 ರೂ." ಅಷ್ಟೇ. ಹೆಸರಿಲ್ಲ. ಊರಿಗೆಲ್ಲ ಅವರು "ಆಚಾರ್ರು". ನಾನೂ ಹಾಗೆಯೇ ಕರೆದೆ. ಪ್ರತಿದಿನ ಬೆಳಿಗ್ಗೆ ನಿಮ್ಮೆಲ್ಲರ ಹೆಸರುಗಳನ್ನು ಕೂಗಿ ಹಾಜರಿ ಹಾಕುತ್ತಿದ್ದ ನಾನು, ಆ ಮನುಷ್ಯನ ಹೆಸರನ್ನು ಒಮ್ಮೆಯೂ ಕೇಳಲಿಲ್ಲ.

"ಅವರದ್ದೂ ನಿಮ್ಮ ಪಟ್ಟಿಗೆ ಸೇರಿಸಲು ಬರುತ್ತದೆಯೇ?" ಎಂದು ಮೊಮ್ಮಗಳನ್ನು ಕೇಳಿದೆ. ಅವಳು ಯೋಚಿಸಿ, "ಅದು ಬೇರೆ ಕೈ ತಾತ. ಅದರ ದಾಖಲೆ ನೀವೇ ಬರೀಬೇಕು" ಎಂದಳು. ನ್ಯಾಯವಾದ ಮಾತು. ಆದ್ದರಿಂದ ಬರೆಯುತ್ತಿದ್ದೇನೆ:

ಮರದ ಕೈ, 1988. ನಕ್ಷೆ: ನಾನು, ದೋಷಸಹಿತ. ಕೆತ್ತನೆ, ದೋಷ ಕಂಡುಹಿಡಿದದ್ದು, ಬೆರಳು ಬಿಚ್ಚುವ ಉಪಾಯ: ನಮ್ಮ ಶಾಲೆಯ ಬೆಂಚುಗಳನ್ನು ರಿಪೇರಿ ಮಾಡುತ್ತಿದ್ದ ಆಚಾರ್ರು. ಹೆಸರು:

ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಆ ವರ್ಷ ಹತ್ತನೆಯ ತರಗತಿಯಲ್ಲಿದ್ದವರಿಗೆ ಈಗ ಐವತ್ತು ದಾಟಿರಬೇಕು. ಅವರ ಮನೆಯ ಕಡೆಯವರು ನಿಮ್ಮಲ್ಲಿ ಯಾರಿಗಾದರೂ ಪರಿಚಯವಿದ್ದರೆ, ದಯವಿಟ್ಟು ಕೇಳಿ ತಿಳಿಸಿ.